ಬಾಲದಲ್ಲಿ ದಾರ ನೇತಾಡುತ್ತಿದ್ದ ಕಾಗೆ

ನನ್ನ ತಲೆಯ ಮೇಲೆ ಕಾಗೆ ಕೂತಿತೆಂದು ನಮ್ಮತ್ತೆ ಇಡೀ ಬೀದಿಗೆ ಕೇಳುವಂತೆ ಕಿರುಚಿಕೊಂಡಾಗ, ನಾನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಯಜಮಾನರ ಅಂಗಿಯ ಕಾಲರು ಉಜ್ಜುತ್ತಿದ್ದೆ. ಐವತ್ತೆಂಟನೇ ಇಸವಿ. ಅಗ್ರಹಾರದ ಹಿಂದಿನ ಸಣ್ಣ ಬೀದಿಯಲ್ಲಿ ನಮ್ಮ ಮನೆ. ಹಿಂದಿನಿಂದ ಏನೋ ದಪ್ಪನೆ ಬಂದು ನೆತ್ತಿಯ ಮೇಲೆ ಕೂತು, ಉಗುರಿನಿಂದ ಕೂದಲು ಕೆದಕಿ, ನಾನು ಕೈ ಎತ್ತುವಷ್ಟರಲ್ಲಿ ಹಾರಿಹೋಯಿತು. ನಾನು ಕಂಡದ್ದು ಅಂಗಿಯ ಕೊಳೆಯನ್ನು ಮಾತ್ರ. ಹಕ್ಕಿಯನ್ನು ಕಂಡವರು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ, ಮಾದೇವಮ್ಮ.

“ಕರ್ರಗಿತ್ತು ಕಣವ್ವ ಮಂಗಳಾ! ಬಾಲ್ದಲ್ಲಿ ಉದ್ದಕೆ ದಾರ ನೇತಾಡ್ತಿತ್ತು. ತುದೀಲಿ ಕರೀ ಬಟ್ಟೆ ಚೂರು. ಯಾವ ಮಸಾಣದಲ್ಲಿ ಸಿಕ್ಕಿಸ್ಕೊಂಡು ಬಂತೋ!”

ಅಷ್ಟರಲ್ಲಿ ನುಗ್ಗೆ ಮರದಿಂದ ಕಾ, ಕಾ ಎಂದು ಕೇಳಿತು. ಇನ್ನೇನು ಬೇಕು? ಅತ್ತೆ ಸೊಪ್ಪಿನ ಮೊರ ಅಲ್ಲೇ ಬಿಸಾಕಿ ಎದ್ದರು.

ಕಾಗೆ ತಲೆ ಮುಟ್ಟಿದರೆ ಸಾವು ಬೆನ್ನ ಹಿಂದೆಯೇ ಇದೆ ಎಂದು ನಮ್ಮ ಕಡೆ ನಂಬುತ್ತಾರೆ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತೇ ಹೋದರೆಂದು ಹತ್ತಿರದ ನೆಂಟರಿಗೆ ಸುಳ್ಳುಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅತ್ತರೆ ದೋಷ ಕಳೆಯಿತು. ಆಮೇಲೆ ನಿಜ ತಿಳಿಸಿದರಾಯಿತು. ಬೇರೆಯವರ ಮನೆಯಲ್ಲಿ ಹೀಗಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನಗಾಗಿ ಅಳಬೇಕಾದವರು ನಂಜನಗೂಡಿನ ಆಚೆಯ ಹಳ್ಳಿಯಲ್ಲಿದ್ದ ನಮ್ಮಪ್ಪ. ಎರಡು ತಿಂಗಳ ಹಿಂದೆ ಎದೆನೋವು ಬಂದು ಆಸ್ಪತ್ರೆ ಸೇರಿ, ಬದುಕಿದ್ದೇ ಹೆಚ್ಚು ಎನ್ನುವ ಹಾಗೆ ಮನೆಗೆ ಬಂದಿದ್ದರು. ಮನಸ್ಸಿಗೆ ಪೆಟ್ಟಾಗುವ ಯಾವ ಮಾತೂ ಅವರ ಕಿವಿಗೆ ಬೀಳಬಾರದೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಮಗಳು ಸತ್ತಳೆಂದು ತಂತಿ ಹೋದರೆ ಅವರು ಉಳಿಯುತ್ತಾರೆಯೇ?

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಅಪ್ಪಂಗೆ ಬೇಡ. ಮಂಡ್ಯದಲ್ಲಿ ನಿಮ್ಮ ಮಗಳಿಲ್ವಾ, ದೇವೀರಮ್ಮ, ಅವಳಿಗೆ ತಂತಿ ಕೊಡಿ.”

“ನೀನು ಸತ್ತೆ ಅಂದ್ರೆ ಅವಳು ಅಳ್ತಾಳಾ? ಸುಮ್ಕಿರು,” ಎಂದರು ಅತ್ತೆ. ಹೆತ್ತವರೇ ಹಾಗೆಂದ ಮೇಲೆ ನಾನೇನು ಹೇಳಲಿ!

ಅತ್ತೆ ಕೆಟ್ಟವರಲ್ಲ. ಹಾಗೆ ಹೇಳಿದರೆ ನನ್ನ ನಾಲಿಗೆಗೇ ಹುಳ ಬೀಳುತ್ತದೆ. “ನಮ್ಮಕ್ಕ ಬೋರಮ್ಮಂಗೂ ಹಿಂಗೇ ಮುಟ್ಟಿತ್ತು ಕಣವ್ವ. ಯಾರೂ ಸುದ್ದಿ ಕಳಿಸ್ಲಿಲ್ಲ. ಎಂಟೇ ದಿನಕ್ಕೆ ಹೋಗ್ಬುಟ್ಲು. ನಿನ್ನೂ ಕಳಕೊಳ್ಳಾಕೆ ನನ್ನ ಕೈಲಾಗಕ್ಕಿಲ್ಲ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈಯುವವರ ಜೊತೆ ಜಗಳವಾಡಬಹುದು, ಅಳುವವರ ಜೊತೆ ಹೇಗೆ ಆಡುವುದು?

ನಮ್ಮ ಯಜಮಾನರು ಪ್ರೆಸ್ಸೊಂದರಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ತಾಯಿಗೆ ಎದುರು ಮಾತಾಡಿದ್ದನ್ನು ನಾನಂತೂ ಕಂಡವಳಲ್ಲ. “ಮರಿಸ್ವಾಮಿ, ಪ್ರೆಸ್ಸಿಂದ ಬಿಡುವು ಮಾಡ್ಕೊಂಡು ಹೋಗು, ಹನ್ನೆರಡರೊಳಗೆ ತಂತಿ ಹೋಗಿರ್ಬೇಕು,” ಎಂದು ಅತ್ತೆ ಅಪ್ಪಣೆ ಮಾಡಿದರು. ಅವರು ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಸೈಕಲ್ ಹತ್ತಿ ಹೊರಟೇಬಿಟ್ಟರು. “ರೀ, ಬ್ಯಾಡ ಕಣ್ರೀ!” ಎಂದು ಬೀದಿಯ ತನಕ ಓಡಿದೆ. ಆ ಮಹಾರಾಯರು ತಿರುಗಿ ಕೂಡ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅಳುತ್ತಾ ಕೂತರೆ ಅಪ್ಪ ಉಳಿಯುವುದಿಲ್ಲ. ಕಾಗೆಯ ಬಾಲಕ್ಕೆ ದಾರ ಕಟ್ಟುವವರು ಯಾರು? ಅದು ಕಾಗೆಯೇ ಅಲ್ಲವೆಂದು ತೋರಿಸಿಬಿಟ್ಟರೆ ಪ್ರೆಸ್ಸಿಗೆ ಓಡಿ ತಂತಿ ತಡೆಯಬಹುದು. ನೇರವಾಗಿ ಹಿಂದಿನ ಬೀದಿಯ ದೇವಯ್ಯನವರ ಮನೆಗೆ ಹೋದೆ. ಅವರು ಮೂವತ್ತು ವರ್ಷ ಮೃಗಾಲಯದಲ್ಲಿ ಹಕ್ಕಿಗಳಿಗೆ ಮೇವು ಹಾಕಿ ರಿಟೈರಾದವರು.

ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. “ಬಾಲದ ದಾರ ಒಂದೋ, ಎರಡೋ?”

“ಒಂದು ಅಂದ್ರು ಅತ್ತೆ.”

“ಎರಡಿರ್ಬೇಕಿತ್ತಲ್ಲ,” ಎಂದು ಗಲ್ಲ ಕೆರೆದುಕೊಂಡು, ಹೆಗಲಿಗೆ ವಲ್ಲಿ ಹಾಕಿಕೊಂಡು ಎದ್ದರು. ದಾರಿಯಲ್ಲಿ ಬೇಲಿಯ ಹತ್ತಿರ ಬಗ್ಗಿ ಎರಡು ಮಿಡತೆ ಹಿಡಿದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡರು.

ಹಿತ್ತಲಲ್ಲಿ ಕೂತೆವು. ಹತ್ತಾಯಿತು, ಹನ್ನೊಂದಾಯಿತು. ಗುಬ್ಬಿ ಬಂತು, ಮೈನಾ ಬಂತು, ನಿಜವಾದ ಕಾಗೆಗಳೂ ಬಂದು ಮುಸುರೆ ಕೆದಕಿ ಹೋದವು. ಬರಬೇಕಾದದ್ದು ಮಾತ್ರ ಬರಲಿಲ್ಲ. ದೇವಯ್ಯನವರು ಎಲೆಯಡಿಕೆ ಮೆಲ್ಲುತ್ತಾ ಇಡೀ ದಿನ ಪುರುಸೊತ್ತಿದೆ ಎನ್ನುವಂತೆ ಕೂತಿದ್ದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಿರಣಿಯ ಹನ್ನೆರಡರ ಸೈರನ್ ಕೂಗಿತು. ಎಲ್ಲ ಮುಗಿಯಿತೆಂದು ನಾನು ಒಗೆಯುವ ಕಲ್ಲಿನ ಮೇಲೆ ಕುಸಿದು ಅತ್ತುಬಿಟ್ಟೆ.

“ಶ್! ಅಲುಗಾಡ್ಬೇಡ ಮಗಾ,” ಎಂದರು ದೇವಯ್ಯನವರು.

ನುಗ್ಗೆ ಕೊಂಬೆಯ ಮೇಲೆ ಕೂತಿತ್ತು. ಕಪ್ಪೆಂದರೆ ಕಪ್ಪು, ಎಣ್ಣೆ ಸವರಿದಂತೆ ಮಿಂಚುವ ಕಪ್ಪು. ಹಣೆಯ ಮೇಲೆ ಪುಟ್ಟ ಜುಟ್ಟು. ಬಾಲದಿಂದ ತಂತಿಯಂಥ ಒಂದು ಎಳೆ ಇಳಿಬಿದ್ದು, ಅದರ ತುದಿಯಲ್ಲಿ ಎಲೆಯಂಥದ್ದೊಂದು ಗಾಳಿಗೆ ತಿರುಗುತ್ತಿತ್ತು. ಅಂಥ ಹಕ್ಕಿಯನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅದು ನಮ್ಮನ್ನು ನೋಡಿ ಕತ್ತು ಓರೆ ಮಾಡಿ, ಕಾ ಎಂದಿತು.

“ಕೇಳುದ್ರಾ?” ಎಂದರು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಅತ್ತೆ.

ಹಕ್ಕಿ ಮತ್ತೆ ಬಾಯಿ ತೆರೆಯಿತು. ಈ ಸಲ ಬಂದದ್ದು ಮಿಯಾಂವ್. ಅದರ ಹಿಂದೆಯೇ ಯಾರೋ ನಾಯಿ ಕರೆಯುವಂಥ ಸಿಳ್ಳೆ.

ದೇವಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ತಾಯೀ, ಇದು ಭೀಮರಾಜ. ಕಾಡಿನ ಹಕ್ಕಿ. ಕೇಳಿದ್ದನ್ನೆಲ್ಲ ಕೂಗುತ್ತೆ. ಅದು ದಾರ ಅಲ್ಲ, ಗರಿ. ಎರಡಿರ್ಬೇಕು, ಪಂಜರಕ್ಕೆ ಸಿಕ್ಕಿ ಒಂದು ಮುರ್ದಿದೆ. ಯಾರೋ ಸಾಕ್ಕೊಂಡು ತಲೆ ಮೇಲೆ ಕೂರೋದು ಕಲಿಸವ್ರೆ. ತಪ್ಪಿಸ್ಕೊಂಡು ಬಂದದೆ, ಹಸಿದದೆ, ಅಷ್ಟೆ.”

ಅತ್ತೆ ಪಟ್ಟು ಬಿಡಲಿಲ್ಲ. “ಅದೇನು ರಾಜನೋ! ಕರ್ರಗದೆ, ಕಾ ಅಂತದೆ. ಕಾಗೆ ಜಾತೀದೇ.”

ಆ ಮಾತು ಇನ್ನೂ ಬಾಯಲ್ಲಿರುವಾಗಲೇ ಹಕ್ಕಿ ಕೊಂಬೆಯಿಂದ ಇಳಿದು ಬಂದು ಅತ್ತೆಯ ತಲೆಯ ಮೇಲೆ ಕೂತಿತು.

ಅತ್ತೆ ಕಂಬದಂತೆ ನಿಂತರು. ಕಣ್ಣು ಮಾತ್ರ ಮೇಲಕ್ಕೆ ಹೋದವು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. “ದೇವಯ್ಯನೋರೇ... ಇದು ಕಾಗೆ ಅಲ್ಲ, ಅಲ್ವಾ?”

“ಅಲ್ಲ ತಾಯಿ.”

“ಆಣೆ ಇಡಿ.”

“ಚಾಮುಂಡಮ್ಮನ ಆಣೆಗೂ ಅಲ್ಲ.”

“ನಾನಾಗ್ಲೇ ಅಂದ್ಕೊಂಡೆ. ಕಾಗೇಗೆಲ್ಲಾದ್ರೂ ಜುಟ್ಟಿರುತ್ತಾ?”

“ಯಾವುದಕ್ಕೂ ಇರ್ಲಿ ಅತ್ತೆ, ನಿಮ್ಮ ಸುದ್ದಿ ಯಾರಿಗೆ ಕಳಿಸೋಣ? ಮಂಡ್ಯಕ್ಕಾ?” ಎಂದೆ. ಬೆಳಗಿನಿಂದ ಬೆಂದ ಹೊಟ್ಟೆ ಎಷ್ಟು ತಣ್ಣಗಾಯಿತೆಂದು ಹೇಳಲಾರೆ.

“ಮುಚ್ಚೇ ಬಾಯಿ,” ಎಂದು ಅತ್ತೆಯೂ ನಕ್ಕುಬಿಟ್ಟರು. ದೇವಯ್ಯನವರು ಮಿಡತೆ ತೋರಿಸಿ ಹಕ್ಕಿಯನ್ನು ಕೈಗೆ ಇಳಿಸಿಕೊಂಡು ವಲ್ಲಿಯಲ್ಲಿ ಮೆತ್ತಗೆ ಸುತ್ತಿದರು. ಸಾಕಿದವರು ಯಾರೆಂದು ವಿಚಾರಿಸುತ್ತೇನೆ ಎಂದರು.

ಆಗ ನೆನಪಾಯಿತು. ಅಯ್ಯೋ, ತಂತಿ! ಹನ್ನೆರಡು ಹೊಡೆದು ಎಷ್ಟೋ ಹೊತ್ತಾಗಿತ್ತು. “ಓಡೇ, ಓಡು, ಇನ್ನೊಂದು ತಂತಿ ಕೊಡ್ಸು!” ಎಂದು ಈಗ ಅತ್ತೆಯೇ ಕೂಗುತ್ತಿದ್ದರು. ಬರಿಗಾಲಲ್ಲೇ ಬೀದಿಬಾಗಿಲಿಗೆ ಓಡಿ ಬಂದೆ.

ಎದುರುಮನೆಯ ಗೋಡೆಗೆ ಸೈಕಲ್ ಒರಗಿಸಿಕೊಂಡು ನಮ್ಮ ಯಜಮಾನರು ನಿಂತಿದ್ದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನನ್ನನ್ನು ಕಂಡವರೇ ಹತ್ತಿರ ಬಂದು, “ಏನೂ ಆಗಿಲ್ಲ ತಾನೆ ನಿಂಗೆ? ಎದೆನೋವು ಗಿದೆನೋವು?” ಎಂದರು.

“ನನ್ನೆದೆ ಹಾಳಾಗೋಗ್ಲಿ! ತಂತಿ ಕೊಟ್ಬುಟ್ರಾ?”

ಅವರು ನೆಲ ನೋಡಿದರು. “ಇಲ್ಲ.”

“ಇಲ್ವಾ?”

“ಫಾರಂ ತಕೊಂಡೆ. ನಿನ್ನ ಹೆಸರು ಬರ್ದೆ. ಅದರ ಮುಂದಿನ ಮಾತು ಬರೆಯಾಕೆ ಕೈ ಓಡ್ಲಿಲ್ಲ. ಸುಳ್ಳು ಅಂತ ಗೊತ್ತಿತ್ತು, ಆದ್ರೂ ಆಗ್ಲಿಲ್ಲ ಮಂಗಳಾ. ಹರಿದಾಕ್ಬುಟ್ಟೆ.” ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡರು. “ಆಮೇಲೆ ಭಯ ಆಯ್ತು. ಅವ್ವ ಹೇಳಿದ್ದು ನಿಜವಾಗಿದ್ರೆ? ನಾನೇ ನಿನ್ನ ಕೊಂದಂಗಲ್ವಾ? ಪ್ರೆಸ್ಸಿಗೂ ಹೋಗ್ಲಿಲ್ಲ. ಬೆಳಗಿಂದ ಈ ಬೀದೀಲೇ ಸುತ್ತಾ ಇವ್ನಿ. ಒಳಗಿಂದ ನಿನ್ನ ದನಿ ಕೇಳಿದ್ರೆ ಮೂಲೇವರೆಗೂ ಹೋಗಿ ಬರೋದು. ಕೇಳ್ದಿದ್ರೆ ಇಲ್ಲೇ ನಿಂತ್ಕೊಳ್ಳೋದು.”

“ಅದು ಕಾಗೆ ಅಲ್ವಂತೆ ಕಣ್ರೀ. ದೇವಯ್ಯನೋರು ನೋಡಿ ಹೇಳುದ್ರು. ಯಾರ್ಗೂ ಏನೂ ಆಗಲ್ಲ.”

ಅವರು ನಮ್ಮ ಜಗಲಿಯ ಮೇಲೆ ಕೂತು, ಹೋಗಿ ಬರುವವರು ನೋಡುತ್ತಿದ್ದರೂ ಲೆಕ್ಕಿಸದೆ, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾಗಿ ಆರು ವರ್ಷವಾಗಿತ್ತು. ಈ ಮನುಷ್ಯನಿಗೆ ನಾನೆಂದರೆ ಇಷ್ಟು ಎಂದು ನನಗೆ ಗೊತ್ತೇ ಇರಲಿಲ್ಲ. ಸಿಕ್ಕಲಿ, ಬಾಯಿಗೆ ಬಂದಂತೆ ಬೈಯುತ್ತೇನೆಂದು ಬೆಳಗಿನಿಂದ ಮಾತು ಕೂಡಿಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತು, “ಏಳಿ, ಊಟ ಮಾಡೋಣ,” ಎಂದೆ.