ಗಂಟೆಯಜ್ಜನ ಹರಟೆ ಪಟ್ಟಿ

“ಈ ಮನೇಲಿ ದುಡಿಯೋ ಗಂಡಸು ಅಂತ ಒಬ್ಬನಾದ್ರೂ ಇದ್ದಾನಾ?”

ಕೇಳಿದವರು ಗಂಟೆಯಜ್ಜ. ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ನೀರಿನ ಫಿಲ್ಟರು. ಅದು ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು.

ಬಟ್ಟೆ ಗಿರಣಿಯ ಗೇಟಿನಲ್ಲಿ ಮೂವತ್ತೆರಡು ವರ್ಷ ಗಂಟೆ ಬಾರಿಸಿದ ಜೀವ ಅದು. ಯಾರು ಎಷ್ಟೊತ್ತಿಗೆ ಬಂದರು, ಯಾರು ಮಗ್ಗ ಬಿಟ್ಟು ಹರಟಿದರು ಎಂದು ಬರೆದಿಡುವುದೂ ಅವರದೇ ಕೆಲಸವಾಗಿತ್ತು. ಅಂಥವರ ಮನೆಯಲ್ಲಿ ಈಗ ಸೊಸೆ ಬೆಳಗ್ಗೆ ಆರಕ್ಕೆ ಬಸ್ಸು ಓಡಿಸಲು ಹೊರಡುತ್ತಾಳೆ. ಅದೇ ಗಿರಣಿಯಲ್ಲಿ ಫಿಟ್ಟರಾಗಿದ್ದ ಮಗ ಏಳು ತಿಂಗಳಿಂದ ಮನೆಯಲ್ಲಿದ್ದುಕೊಂಡು ಮಗಳು ಪುಟ್ಟಿಯನ್ನು ನೋಡಿಕೊಳ್ಳುತ್ತಾನೆ.

ಪುಟ್ಟಿಗೆ ಎರಡು ತುಂಬಿದರೂ ಮಾತು ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯಾಗಿತ್ತು, ಕಿವಿ ಚೆನ್ನಾಗಿತ್ತು. “ಒಬ್ಬರು ಸದಾ ಅವಳ ಜೊತೆ ಮಾತಾಡ್ತಾ ಇರಿ” ಎಂದು ನರ್ಸಕ್ಕ ಹೇಳಿದ ಮೇಲೆ ಗಂಡ ಹೆಂಡತಿ ಕೂತು, ಗಂಡ ಕೆಲಸ ಬಿಟ್ಟು ಮನೆಯಲ್ಲಿರುವುದೆಂದು ತೀರ್ಮಾನಿಸಿದ್ದರು. ಆಗ ಅಜ್ಜ ತಂಗಿಯ ಮನೆಗೆ ಹೋಗಿದ್ದರು. ತಮ್ಮನ್ನು ಕೇಳದೆ ತೀರ್ಮಾನ ಮಾಡಿದರೆಂಬುದು ಅವರ ಮೊದಲನೇ ತಕರಾರು. ಬರೀ ಮಾತಾಡುವುದೂ ಒಂದು ಚಿಕಿತ್ಸೆಯೇನು ಎಂಬುದು ಎರಡನೆಯದು.

ಇದರ ಮೇಲೆ ಗಿರಣಿಯ ಮೇಸ್ತ್ರಿ ಫೋನು ಮಾಡಿದ್ದ. “ನಿನ್ನ ಮಗನ ಜಾಗ ಇನ್ನೂ ಹಾಗೇ ಇದೆ. ಸೋಮವಾರದಿಂದ ಕಳಿಸು. ಶನಿವಾರ ಕೇಳ್ತೀನಿ.”

“ಹೋಗೋ,” ಎಂದರು ಅಜ್ಜ ಮಗನಿಗೆ. “ಮಗೂನ ನಾನು ನೋಡ್ಕೋತೀನಿ. ಟಿವಿ ಹಾಕಿ ಕೂರಿಸಿದ್ರೆ ಆಯ್ತು. ಗಲಾಟೆ ಇಲ್ಲ, ಗದ್ದಲ ಇಲ್ಲ.”

“ಗಲಾಟೆ ಇಲ್ದೇ ಇರೋದೇ ಅಲ್ವಾ ಅಪ್ಪ, ನಮ್ಮ ತೊಂದರೆ?”

“ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು!”

“ಕೂರೋಕೆ ಬಿಟ್ರೆ ತಾನೆ?” ಎನ್ನುತ್ತ ಮಗ ಒಂದು ಕಂಕುಳಲ್ಲಿ ಪುಟ್ಟಿಯನ್ನೂ ಇನ್ನೊಂದರಲ್ಲಿ ಒದ್ದೆ ಚಾಪೆಯನ್ನೂ ಇರುಕಿಕೊಂಡು ಬಚ್ಚಲಿಗೆ ಓಡಿದ.

ಬಾಯಿಮಾತಿಗೆ ಬಗ್ಗದವನನ್ನು ಬರಹದಿಂದ ಬಗ್ಗಿಸಬೇಕು. ಅಜ್ಜ ಹಳೇ ನೋಟುಬುಕ್ಕು ತೆಗೆದು ಗೆರೆ ಎಳೆದರು. ಒಂದು ಕಡೆ ಕೆಲಸ, ಒಂದು ಕಡೆ ಹರಟೆ. ಮೂರು ದಿನ ಗಡಿಯಾರ ಹಿಡಿದು ಮಗನ ಬೆನ್ನ ಹಿಂದೆಯೇ ತಿರುಗಿದರು. ಅವನು ಒಲೆ ಮುಂದೆ ನಿಂತರೆ ಇವರು ಬಾಗಿಲಲ್ಲಿ. ಅವನು ಬಟ್ಟೆ ಹರವಿದರೆ ಇವರು ಲುಂಗಿಯ ಮರೆಯಲ್ಲಿ. ಗಿರಣಿಯಲ್ಲಾದರೆ ಸಂಜೆಗೆ ಇಷ್ಟು ಗಜ ಬಟ್ಟೆ ಎಂದು ತೋರಿಸಬಹುದು. ಇಲ್ಲಿ ಬೆಳಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನ ಮತ್ತೆ ಅನ್ನದಗುಳು. ತೊಳೆದ ಲೋಟ ತಿರುಗಿ ನೋಡುವಷ್ಟರಲ್ಲಿ ಎಂಜಲು. ಇದೆಂಥಾ ಕಾರ್ಖಾನೆಯಪ್ಪ ಎಂದು ಅಜ್ಜನಿಗೇ ತಲೆ ಸುತ್ತು ಬಂತು.

ಶನಿವಾರ ಸೊಸೆಗೆ ರಜೆ. ಪುಟ್ಟಿಯನ್ನು ನೋಡಲು ನರ್ಸಕ್ಕನೂ ಬಂದಿದ್ದಳು. ಇದೇ ಸಮಯವೆಂದು ಅಜ್ಜ ಕನ್ನಡಕ ಏರಿಸಿ, ಪುರಾಣ ಓದುವವರ ಹಾಗೆ ರಾಗವಾಗಿ ಶುರು ಮಾಡಿದರು.

“ಗುರುವಾರ, ಎಂಟು ಗಂಟೆ ಹತ್ತು ನಿಮಿಷ. ಕಾಲುಚೀಲ ಹಾಕೋದು, ಕೆಲಸ ಒಂದು ನಿಮಿಷ. ‘ಕಾಲೆಲ್ಲಿ ಹೋಯ್ತು, ಬೆರಳೆಲ್ಲಿ ಹೋಯ್ತು’ ಅಂತ ಹರಟೆ, ಒಂಬತ್ತು ನಿಮಿಷ. ಎಂಟೂ ನಲವತ್ತು. ಆಲೂಗಡ್ಡೆ ತೊಳೆಯುವಾಗ ಒಂದೊಂದು ಆಲೂಗಡ್ಡೆಯ ಯೋಗಕ್ಷೇಮವನ್ನೂ ವಿಚಾರಿಸಿದ್ದು, ಹನ್ನೆರಡು ನಿಮಿಷ. ಒಂಬತ್ತೂವರೆ. ಬಕೆಟ್ಟಿನ ಜೊತೆ ಜಗಳ.”

“ಬಕೆಟ್ಟು ಏನಂತು ಮಾವ?” ಸೊಸೆ ಕೇಳಿದಳು.

“ಅದನ್ನ ಬರೆದಿಲ್ಲ. ನಗಬೇಡಮ್ಮ! ದಿನಕ್ಕೆ ಕೆಲಸ ಐದು ಗಂಟೆ, ಹರಟೆ ಆರು ಗಂಟೆ. ಗಿರಣಿಯಾಗಿದ್ರೆ ಮೊದಲನೇ ದಿನವೇ ಗೇಟಿನಾಚೆ!”

ನರ್ಸಕ್ಕ ಪುಸ್ತಕ ಇಸಿದುಕೊಂಡಳು. “ಅಂಚಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿದ್ದೀರಲ್ಲಜ್ಜ?”

“ಅದು ಶಬ್ದ ತಾಯಿ. ಯಂತ್ರ ಹೊಸ ಶಬ್ದ ಮಾಡಿದ್ರೆ ಬರೆದಿಡಬೇಕು, ಅದು ಗಿರಣಿ ನಿಯಮ. ಕೂಸು ನಡುನಡುವೆ ಏನೋ ಕೂಗ್ತಿತ್ತು. ಬರೆದೆ.”

ನರ್ಸಕ್ಕ ಓದಿದಳು. “‘ಗುರುವಾರ. ಆಲೂಗಡ್ಡೆ ನೀರಿಗೆ ಬಿದ್ದಾಗ, ಬಿತ್ತು. ಶುಕ್ರವಾರ. ಬಾಗಿಲು ತೆಗೆದಾಗ, ಬಾ. ಊಟದ ಹೊತ್ತಿಗೆ, ಸಾಕು.’ ಅಯ್ಯೋ ಅಜ್ಜ! ಇದು ಶಬ್ದ ಅಲ್ಲ. ನಿಮ್ಮ ಮೊಮ್ಮಗಳು ಮಾತಾಡಿದಾಳೆ!”

“ನಮ್ಮ ಪುಟ್ಟಿ ‘ಬಿತ್ತು’ ಅಂದ್ಲಾ?” ಸೊಸೆ ಪುಸ್ತಕಕ್ಕೆ ಕೈಚಾಚಿದಳು.

“ನನಗೂ ಕೇಳಿಸಿದ ಹಾಗಾಯ್ತು,” ಎಂದ ಮಗ. “ಆಸೆಗೆ ಕಿವಿ ಉದ್ದ ಅಂತ ಸುಮ್ಮನಾದೆ.”

“ಕಾಲುಚೀಲಕ್ಕೆ ಒಂಬತ್ತು ನಿಮಿಷ ಹಿಡಿದದ್ದು ಇದಕ್ಕೇ ಅಜ್ಜ,” ಎಂದಳು ನರ್ಸಕ್ಕ. “ಮಗು ಬಾಯಿ ನೋಡುತ್ತೆ, ಒಂದೇ ಮಾತನ್ನ ನೂರು ಸಲ ಕೇಳುತ್ತೆ, ಆಮೇಲೊಂದು ದಿನ ತಾನೂ ಅನ್ನುತ್ತೆ. ನಾವು ಹೇಳಬೇಕು, ಹೇಳಿ ಕಾಯಬೇಕು. ಟಿವಿ ಯಾರಿಗೂ ಕಾಯಲ್ಲ. ನೀವು ಬರೆದ ಐದು ಗಂಟೇನೂ ಕೆಲಸ, ಈ ಆರು ಗಂಟೇನೂ ಕೆಲಸ.”

“ಹನ್ನೊಂದು ಗಂಟೆ!” ಅಜ್ಜ ಹೌಹಾರಿದರು. “ಎಂಟು ಗಂಟೆ ದುಡಿದ್ರೆ ನಾನು ಬಿಡೋ ಗಂಟೆ ಹೊಡೀತಿದ್ದೆನಲ್ಲ! ಊಟದ ಬಿಡುವು?”

“ಪುಟ್ಟಿಗೆ ತಿನ್ನಿಸ್ತಾ ತಿಂದೆನಲ್ಲಪ್ಪ? ಅದನ್ನೂ ಹರಟೆಗೆ ಹಾಕಿದ್ರಿ.”

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಮಾವ,” ಎಂದಳು ಸೊಸೆ ಮೆಲ್ಲಗೆ. “ಏಳು ತಿಂಗಳು ಕೂತು ಮಾಡಿದ ಗಡಿಗೆ ಇದು. ಸೋಮವಾರ ಒಡೀಬೇಡಿ.”

ಅಜ್ಜ ಪುಸ್ತಕ ವಾಪಸು ತೆಗೆದುಕೊಂಡು ಮುಚ್ಚಿದರು. ತಾವು ಗೇಟಿನಲ್ಲಿ ಎಲ್ಲರ ಹೊತ್ತನ್ನೂ ಬರೆಯುತ್ತಿದ್ದ ಕಾಲದಲ್ಲಿ ಈ ಮಗನಿಗೆ ಮಾತು ಕಲಿಸಿದವಳು ಯಾರು? ಇವನ ತಾಯಿ. ಆಕೆ ಈಗಿಲ್ಲ. ಆಕೆ ಎಷ್ಟೊತ್ತಿಗೆ ಎದ್ದಳು, ಎಷ್ಟೊತ್ತಿಗೆ ಕೂತಳು ಎಂದು ಒಂದು ದಿನವೂ ಬರೆದಿರಲಿಲ್ಲ.

ಅವರು ಪುಟ್ಟಿಯ ಮುಂದೆ ಮಂಡಿಯೂರಿದರು. ಏನು ಹೇಳಬೇಕೋ ತೋಚದೆ ತಮ್ಮ ಅಂಗಿಯನ್ನೇ ಹಿಡಿದು ತೋರಿಸಿದರು. “ಇದು... ಗುಂಡಿ. ಇದೂ ಗುಂಡಿ. ಒಟ್ಟು ಆರು. ಒಂದು ಉದುರಿದೆ.” ಹೇಳಿ ಕಾದರು. ಮೂವತ್ತೆರಡು ವರ್ಷ ಗಂಟೆ ಬಾರಿಸಿದವರು ಗಡಿಯಾರ ನೋಡದೆ ಕಾದದ್ದು ಅದೇ ಮೊದಲು.

ಪುಟ್ಟಿ ಗುಂಡಿಯಿಲ್ಲದ ಜಾಗಕ್ಕೆ ಬೆರಳಿಟ್ಟು, ಮುಖ ನೋಡಿ, “ಇಲ್ಲ” ಎಂದಳು.

“ಇಲ್ಲ! ಹೌದಮ್ಮಾ, ಇಲ್ಲ!” ಅಜ್ಜ ಎದ್ದು ಕುಣಿಯಹೋಗಿ ಸೊಂಟ ಹಿಡಿದುಕೊಂಡರು.

ಅಷ್ಟರಲ್ಲಿ ಫೋನು ಬಂತು. ಮೇಸ್ತ್ರಿಯದೇ. ಮಗನ ಕೈ ತುಂಬ ಸೋಪಿನ ನೊರೆ. “ನೀವೇ ಎತ್ತಿ ಅಪ್ಪ. ನಾನು ಹೋಗಲ್ಲ ಅನ್ನೋದು ಗೊತ್ತಲ್ಲ.”

ಫೋನು ಬಡಿದುಕೊಳ್ಳಲಿ. ಅಜ್ಜ ಸೊಂಟ ನೆಟ್ಟಗೆ ಮಾಡಿ ಅದನ್ನೆತ್ತುವಷ್ಟರಲ್ಲಿ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೊಂದು ಮಾತು. ಮಗುವಿಗೆ ಸ್ನಾನ ಮಾಡಿಸುವಾಗ, ತಿನ್ನಿಸುವಾಗ, ಬಟ್ಟೆ ಮಡಿಸುವಾಗ ಮಾತಾಡಿ. ಮಾತಾಡಿ, ಅದರ ಮರುಮಾತಿಗೆ ಕಾಯಿರಿ. ಎರಡು ವರ್ಷವಾದರೂ ಮಾತು ಬರದಿದ್ದರೆ “ನಮ್ಮ ವಂಶದಲ್ಲಿ ಎಲ್ಲರಿಗೂ ತಡವೇ” ಎಂದು ಕೈಕಟ್ಟಿ ಕೂರಬೇಡಿ, ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕಿವಿ ತೋರಿಸಿ. ಮನೆಯಲ್ಲಿದ್ದು ಮಗುವನ್ನು ಬೆಳೆಸುವವರು ತಾಯಿಯಾಗಲಿ ತಂದೆಯಾಗಲಿ, “ಇಡೀ ದಿನ ಏನು ಮಾಡಿದೆ?” ಎಂದು ಕೇಳುವ ಮೊದಲು ಒಂದು ದಿನ ಅವರ ಹಿಂದೆ ತಿರುಗಿ ನೋಡಿ. ಆ ಕೆಲಸ ನಿಮ್ಮದೇ ಆಗಿದ್ದರೆ, “ಸುಮ್ಮನೆ ಮನೆಯಲ್ಲಿದ್ದೇನೆ” ಎಂದು ಇನ್ನು ಮೇಲೆ ಯಾರಿಗೂ ಹೇಳಬೇಡಿ.

ಅಜ್ಜ ಫೋನೆತ್ತಿದರು.

“ಏನಯ್ಯ, ಮನೇಲಿ ಸುಮ್ನೆ ಕೂತಿದ್ದಾನಲ್ಲ, ಸೋಮವಾರ ಕಳಿಸಿಬಿಡು ಅವನನ್ನ,” ಎಂದ ಮೇಸ್ತ್ರಿ.

“ಇಲ್ಲಿ ಯಾರೂ ಸುಮ್ನೆ ಕೂತಿಲ್ಲ,” ಎಂದರು ಗಂಟೆಯಜ್ಜ. “ಕಳಿಸಲ್ಲ ಕಣಯ್ಯ.”