ಸೀಸವೋ ತಾಮ್ರವೋ

ಲತೇಶ್ ಸುರಂಗದೊಳಗೆ ಹೋದದ್ದು ಹೂಳು ತೆಗೆಯಲಿಕ್ಕೆ. ಪುಂಜಾಲಕಟ್ಟೆಯಲ್ಲಿ ಅವನದೊಂದು ಹೋಟೆಲಿದೆ. ಬೇಸಗೆಯಲ್ಲಿ ಬಾವಿ ಬತ್ತಿದರೆ ಮನೆ ಹಿಂದಿನ ಗುಡ್ಡದ ಸುರಂಗದ ನೀರೇ ಹೋಟೆಲಿಗೂ ಗತಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಆ ಸುರಂಗದಲ್ಲಿ ಒಬ್ಬ ಮನುಷ್ಯ ಬಗ್ಗಿ ನಡೆಯಬಹುದು. ಇಬ್ಬರು ಎದುರಾದರೆ ದಾಟಲಾಗದು. ನೀರು ತಾನಾಗಿ ಹರಿದು ಬರಲೆಂದು ನೆಲ ಒಳಹೋದಂತೆ ಸ್ವಲ್ಪ ಸ್ವಲ್ಪವೇ ಏರುತ್ತದೆ.

ಅವನು ಕೊನೆಯ ಗೋಡೆಯ ಬಳಿ ಇದ್ದಾಗ ಕಾಡುಹಂದಿ ನುಗ್ಗಿತು. ಅದರ ಕುತ್ತಿಗೆಗೆ ಬೈಕಿನ ಕ್ಲಚ್ ಕೇಬಲುಗಳನ್ನು ಜೋಡಿಸಿ ಉದ್ದ ಮಾಡಿದ ಉರುಳು ಬಿದ್ದಿತ್ತು. ಕೇಬಲಿನ ಇನ್ನೊಂದು ತುದಿಯಲ್ಲಿ ತೊಡೆ ದಪ್ಪದ ಮರದ ತುಂಡಿತ್ತು. ಹಂದಿ ಅದನ್ನೂ ಎಳೆದುಕೊಂಡೇ ಓಡಿ ಬಂದಿತ್ತು. ಕೊನೆಯ ಗೋಡೆಗಿಂತ ಕೆಲವೇ ಮಾರು ಈಚೆಗೆ ತುಂಡು ಸುರಂಗದಲ್ಲಿ ಅಡ್ಡಕ್ಕೆ ಸಿಕ್ಕಿಕೊಂಡಿತು. ಹಂದಿ ಲತೇಶನ ತೊಡೆಯನ್ನು ಕೋರೆಯಿಂದ ಸೀಳಿತು. ಅವನು ತೆವಳಿ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ಕೇಬಲಿನ ಉದ್ದ ಅವನ ಪಾದಕ್ಕಿಂತ ಒಂದು ಮೊಳ ಈಚೆಗೇ ಮುಗಿಯಿತು. ಅವನು ಬದುಕಿ ಉಳಿದದ್ದು ಆ ಒಂದು ಮೊಳದಿಂದ.

ಉರುಳು ಇಟ್ಟವರು ಲತೇಶನ ಸೋದರಮಾವ ಅಣ್ಣು. ಅವರಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇರುವ ಒಂಟಿ ನಳಿಗೆಯ ಕೋವಿ ಉಂಟು. ಚುನಾವಣೆ ಘೋಷಣೆಯಾದ ಕೂಡಲೇ ಊರಿನ ಎಲ್ಲ ಕೋವಿಗಳ ಹಾಗೆ ಅದೂ ಠಾಣೆ ಸೇರಿತ್ತು. ಕೋವಿ ಹೋದ ಮೇಲೆ ಹಂದಿಗಳು ಗೆಣಸಿನ ಸಾಲು ಅಗೆದವು. ಅಣ್ಣು ಉರುಳು ಇಟ್ಟರು. ಅದು ಕಾನೂನಿಗೆ ವಿರುದ್ಧವೆಂದು ಅವರಿಗೆ ಗೊತ್ತಿತ್ತು. ಸುರಂಗದ ಬಾಯಿಯಲ್ಲಿ ಅವರು ಯಾರೊಂದಿಗೂ ಮಾತಾಡದೆ ಹಗ್ಗ ಹಿಡಿದು ನಿಂತಿದ್ದರು. ಮರದ ತುಂಡನ್ನು ಎಳೆದು ತೆಗೆಯಲು ಎರಡು ಸಲ ನೋಡಿಯಾಗಿತ್ತು. ಎಳೆದಷ್ಟೂ ಅದು ಗೋಡೆಗೆ ಕಚ್ಚಿಕೊಂಡಿತು, ಹಂದಿ ಕೆರಳಿ ಒಳಕ್ಕೆ ಜಗ್ಗಿತು, ಲತೇಶ್ ಕಿರುಚಿದ. ಮೂರನೆಯ ಸಲ ಎಳೆಯುವುದು ಬೇಡವೆಂದು ಶಶಿಪ್ರಭಾ ಹಗ್ಗ ಕಸಿದುಕೊಂಡಳು.

ಲತೇಶನ ಹೆಂಡತಿ ಶಶಿಪ್ರಭಾ ಮೂಡುಬಿದಿರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮಾಡಬೇಕಾದ ಫೋನುಗಳನ್ನೆಲ್ಲ ಅವಳೇ ಮಾಡಿದ್ದಳು. ಅರಿವಳಿಕೆ ಕೊಡುವ ತಂಡ ಕಕ್ಕಿಂಜೆ ಕಡೆ ಆನೆ ಓಡಿಸಲು ಹೋಗಿದೆ, ಕಾಡಿನಿಂದ ಇಳಿದು ಬರಲು ಸಂಜೆಯಾಗಬಹುದು ಎಂದರು ಅರಣ್ಯ ಇಲಾಖೆಯವರು. ಮನುಷ್ಯನ ಜೀವ ಉಳಿಸಲು ಬೇರೆ ದಾರಿಯೇ ಇಲ್ಲದೆ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂಬುದನ್ನೂ ಹೇಳಿದರು. ಠಾಣೆಯಲ್ಲಿರುವ ಕೋವಿ ಬಿಡಬೇಕಾದರೆ ಮೇಲಿನ ಆದೇಶ ಬೇಕಿತ್ತು. ಆಂಬುಲೆನ್ಸ್ ಬಂದು ರಸ್ತೆಯಲ್ಲಿ ನಿಲ್ಲಬಹುದು, ಅದರಲ್ಲಿ ಬಂದವರು ಹಂದಿ ಇರುವ ಸುರಂಗದೊಳಗೆ ಹೋಗಲಾರರು. ಸಂಜೆಗೆ ಇನ್ನೂ ಅರ್ಧ ಹಗಲಿತ್ತು. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ತೊಡೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದೇನೆ, ಆದರೂ ಒದ್ದೆಯಾಗುತ್ತಿದೆ ಎಂದು ಲತೇಶ್ ಒಳಗಿನಿಂದ ಹೇಳಿದ್ದ. ಈಗ ಎರಡು ಸಲ ಕರೆದರೆ ಒಂದು ಸಲ ಓಗೊಡುತ್ತಿದ್ದ.

ಆ ಊರಿನಲ್ಲಿ ಠಾಣೆಗೆ ಹೋಗದೆ ಉಳಿದಿದ್ದ ಒಂದೇ ಆಯುಧ ಅಬ್ದುಲ್ ರವೂಫರ ರಿವಾಲ್ವರ್. ಗೇರುಬೀಜ, ಕಾಳುಮೆಣಸಿನ ವ್ಯಾಪಾರಿಯಾದ ಅವರು ದಿನವೂ ನಗದು ಸಾಗಿಸುವವರಾದ್ದರಿಂದ ಅವರಿಗೆ ವಿನಾಯಿತಿ ಸಿಕ್ಕಿತ್ತು. ಊರಿನವರಿಗೆಲ್ಲ ಅವರು ರವೂಫಾಕ. ಲತೇಶನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಚಹಾ ಕುಡಿಯುವವರು. ಅವರು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಕೈಯಲ್ಲಿ ರಿವಾಲ್ವರ್, ಜೇಬಿನಲ್ಲಿ ತೋಟೆಗಳ ಎರಡು ಪೆಟ್ಟಿಗೆ.

ಒಂದು ಪೆಟ್ಟಿಗೆಯಲ್ಲಿ ಸರಕಾರಿ ಕಾರ್ಖಾನೆಯ ತೋಟೆಗಳು: ಬರಿಯ ಸೀಸದ ಗುಂಡು, ಭಾರ, ನಿಧಾನ. ಇನ್ನೊಂದರಲ್ಲಿ ಹೊರದೇಶದವು: ತಾಮ್ರದ ಕವಚದ ಗುಂಡು, ಹಗುರ, ವೇಗ. ಎರಡೂ ಅದೇ ರಿವಾಲ್ವರಿಗೆ ಹೊಂದುವಂಥವು. ರವೂಫ್ ಆಗಲೇ ತಾಮ್ರದವನ್ನು ತುಂಬಿಕೊಂಡು ಬಂದಿದ್ದರು. ಮಂಗಳೂರಿನ ಅಂಗಡಿಯವನು ಇದಕ್ಕೆ ಶಕ್ತಿ ಜಾಸ್ತಿ ಎಂದಿದ್ದನಂತೆ.

ಶಶಿಪ್ರಭಾ ಪೆಟ್ಟಿಗೆಗಳ ಮೇಲೆ ಅಚ್ಚಾಗಿದ್ದ ಅಂಕಿ ಓದಿದಳು. ಸೀಸದ್ದು ಆರು ಗ್ರಾಂ ಚಿಲ್ಲರೆ, ಸೆಕೆಂಡಿಗೆ ಇನ್ನೂರ ಹದಿನೈದು ಮೀಟರ್. ತಾಮ್ರದ್ದು ಐದು ಗ್ರಾಂ, ಇನ್ನೂರ ಎಪ್ಪತ್ತು ಮೀಟರ್. ತರಗತಿಯಲ್ಲಿ ವರ್ಷವರ್ಷವೂ ಮಾಡಿಸುವ ಲೆಕ್ಕ, ಕಾಗದ ಬೇಕಾಗಲಿಲ್ಲ. ಶಕ್ತಿಯ ಲೆಕ್ಕದಲ್ಲಿ ವೇಗವನ್ನು ವೇಗದಿಂದಲೇ ಗುಣಿಸುವುದರಿಂದ ತಾಮ್ರದ್ದು ನೂರೆಂಬತ್ತು ಜೌಲಿನ ಮೇಲೆ, ಸೀಸದ್ದು ನೂರೈವತ್ತರ ಒಳಗೆ. ಆದರೆ ಭಾರವನ್ನೂ ವೇಗವನ್ನೂ ಸುಮ್ಮನೆ ಗುಣಿಸಿದರೆ ಬರುವ ಸಂವೇಗ, ಅಂದರೆ ತಾಗಿದಾಗಿನ ನೂಕು, ಎರಡರದ್ದೂ ಹೆಚ್ಚುಕಡಿಮೆ ಒಂದೇ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಆದರೆ ಅವನು ಸುರಂಗ ನೋಡಿರಲಿಲ್ಲ. ಹಂದಿಯ ಹಣೆ ಇಳಿಜಾರು, ಮೂಳೆ ದಪ್ಪ. ಹಗುರದ ಗಟ್ಟಿ ಗುಂಡು ಓರೆಯಾಗಿ ತಾಗಿದರೆ ಜಾರಬಹುದು. ಜಾರಿದ ಗುಂಡು ವೇಗ ಉಳಿಸಿಕೊಂಡು ಕಲ್ಲಿಗೆ ಬಡಿದು ಪುಟಿಯುತ್ತಾ ಒಳಗೆ ಹೋಗುತ್ತದೆ. ಒಳಗೆ ಅದೇ ಗೆರೆಯಲ್ಲಿ, ಏರಿದ ನೆಲದ ಮೇಲೆ, ಲತೇಶ್ ಇದ್ದಾನೆ. ಸೀಸ ಮೆತ್ತಗಿನದು, ಕಲ್ಲಿಗೆ ಬಡಿದರೆ ಚಪ್ಪಟೆಯಾಗಿ ಬಹುಪಾಲು ವೇಗ ಕಳೆದುಕೊಳ್ಳುತ್ತದೆ. ಆದರೆ ಅದು ಹಣೆಯಲ್ಲೂ ಹಾಗೆಯೇ ಚಪ್ಪಟೆಯಾಗಿ ಉಳಿದರೆ ಗಾಯಗೊಂಡ ಹಂದಿ ಹುಚ್ಚೆದ್ದು ಜಗ್ಗುತ್ತದೆ; ಕೇಬಲ್ ತುಂಡಾದರೆ ಕಥೆ ಮುಗಿಯಿತು.

ಎರಡೂ ಲೆಕ್ಕವನ್ನು ಅವಳು ರವೂಫರಿಗೆ ಹೇಳಿದಳು. ಕೊನೆಗೆ, "ಎರಡರಲ್ಲೂ ಅವರು ಉಳಿಯುವ ಉತ್ತರ ಬರ್ತಾ ಇಲ್ಲ ರವೂಫಾಕ" ಎಂದಳು.

ರವೂಫ್ ಸುತ್ತ ನಿಂತವರನ್ನು ನೋಡಿದರು. ಆಗಲೇ ಒಂದು ಗುಂಪು ಸೇರಿತ್ತು. ಹಲವರು ಫೋನ್ ಎತ್ತಿ ಹಿಡಿದಿದ್ದರು. ಅವರು ದನಿ ತಗ್ಗಿಸಿದರು.

"ಟೀಚರ್, ನಾನು ಕಾಗದದ ಗುರಿಗೆ ಬಿಟ್ಟು ಬೇರೆ ಯಾವುದಕ್ಕೂ ಹೊಡೆದವನಲ್ಲ. ಗುಂಡು ಲತೇಶನಿಗೆ ತಾಗಿದರೆ ನಾಳೆ ಹಂದಿಯ ಕಥೆ ಯಾರೂ ಹೇಳುವುದಿಲ್ಲ. ರವೂಫ್ ಬ್ಯಾರಿ ಲತೇಶ್ ಶೆಟ್ಟಿಗೆ ಗುಂಡು ಹೊಡೆದ ಅಂತ ಹೇಳ್ತಾರೆ. ಅದೂ ಓಟಿನ ಸಮಯ. ನಿಮಗೆ ಗೊತ್ತುಂಟಲ್ಲ."

ಅವಳಿಗೆ ಗೊತ್ತಿತ್ತು. ಫೋನ್ ಹಿಡಿದವರ ಕಡೆ ತಿರುಗಿ ತನ್ನ ಹೆಸರು ಹೇಳಿದಳು. ಒಳಗಿರುವುದು ತನ್ನ ಗಂಡ, ಹೊಡೆಯಿರಿ ಎಂದು ಕೇಳಿಕೊಳ್ಳುತ್ತಿರುವವಳು ತಾನು, ಯಾವ ತೋಟೆ ಎಂದು ಆರಿಸುವವಳೂ ತಾನು, ಏನಾದರೂ ಅದು ತನ್ನ ಮೇಲೆ ಎಂದಳು. ಯಾರೋ ಒಬ್ಬನಿಗೆ ಅದು ಸರಿಯಾಗಿ ರೆಕಾರ್ಡ್ ಆಗಲಿಲ್ಲವಂತೆ. ಅವಳು ಇನ್ನೊಮ್ಮೆ ಹೇಳಿದಳು.

ಆಗ ಅಣ್ಣು ಬಾಯಿ ಬಿಟ್ಟರು. "ಹಣೆಗೆ ಹೊಡೆಯುವುದೇ ಅಲ್ಲ. ಕಿವಿಯ ಬುಡಕ್ಕೆ. ಅಲ್ಲಿ ಮೂಳೆ ತೆಳು."

"ಅದು ನಮ್ಮ ಕಡೆ ಮುಖ ಮಾಡಿ ನಿಂತಿದೆ ಮಾವ."

"ತಿರುಗಬೇಕು."

"ಹೇಗೆ ತಿರುಗ್ತದೆ?"

ಅಣ್ಣು ಸುರಂಗದೊಳಕ್ಕೆ ಕೈ ತೋರಿಸಿದರು. ಹಂದಿ ಒಳಗೆ ತಿರುಗಬೇಕಾದರೆ ಒಳಗಿನಿಂದ ಅದನ್ನು ಯಾರಾದರೂ ಕೆಣಕಬೇಕು. ಒಳಗಿದ್ದವನು ಒಬ್ಬನೇ.

ಆದರೆ ತೋಟೆಯ ಪ್ರಶ್ನೆ ಅಲ್ಲಿಗೆ ತೀರ್ಮಾನವಾಯಿತು. ತೆಳು ಮೂಳೆಗೆ ನೂರೆಂಬತ್ತು ಜೌಲ್ ಬೇಕಿಲ್ಲ. ಕಡಿಮೆ ವೇಗದ್ದು ಹೊಕ್ಕು ಒಳಗೇ ಉಳಿಯಬಹುದು. ತಪ್ಪಿದರೂ ಕಲ್ಲಿನಲ್ಲಿ ಸೋಲಬಹುದು. ಬಹುದು ಎನ್ನುವುದಕ್ಕಿಂತ ಹೆಚ್ಚಿನದು ಅವಳ ಬಳಿ ಇರಲಿಲ್ಲ. "ಸೀಸ ತುಂಬಿಸಿ" ಎಂದಳು. ರವೂಫ್ ಒಂದು ಸಲ ಅವಳ ಮುಖ ನೋಡಿ, ತಾಮ್ರದ ತೋಟೆಗಳನ್ನು ಅಂಗೈಗೆ ಸುರಿದುಕೊಂಡು, ಸೀಸದವನ್ನು ಒಂದೊಂದಾಗಿ ಹಾಕಿದರು. ಒಂದು ಜಾರಿ ಕೆಳಗೆ ಬಿತ್ತು. ಅಣ್ಣು ಹೆಕ್ಕಿ ಕೊಟ್ಟರು.

ಅವಳು ಸುರಂಗದ ಬಾಯಿಯಲ್ಲಿ ಮಂಡಿಯೂರಿ ಗಂಡನನ್ನು ಕರೆದಳು. ತಾನು ಈಗ ಎಂದ ಕೂಡಲೇ ಅವನು ಕಲ್ಲೆಸೆದು ಹಂದಿಯನ್ನು ಕೆಣಕಬೇಕೆಂದು ಹೇಳಿದಳು.

"ಶಶಿ," ಲತೇಶನ ದನಿ ನೀರಿನೊಳಗಿನಿಂದ ಬಂದಂತೆ ಬಂತು, "ಅದು ಈಗ ಸುಮ್ಮನೆ ಉಂಟು ಮಾರಾಯ್ತಿ. ಪುನಃ ಎಬ್ಬಿಸಬೇಕಾ?"

"ಎಬ್ಬಿಸಬೇಕು."

"ಸಂಜೆವರೆಗೆ ಕಾಯ್ಲಿಕ್ಕೆ ಆಗುವುದಿಲ್ಲವಾ?"

ಅವಳು ಸುಳ್ಳು ಹೇಳಬಹುದಿತ್ತು. "ನಿಮ್ಮಿಂದ ಆಗುವುದಿಲ್ಲ" ಎಂದಳು.

ರವೂಫ್ ತೆವಳಿ ಒಳಗೆ ಹೋದರು. ಟಾರ್ಚ್ ಹಿಡಿದು ಅವಳು ಅವರ ಹಿಂದೆ ಹೋದಳು. ಬೇರೆಯವರನ್ನು ಕಳುಹಿಸುವ ಮಾತಿಗೆ ಅವಳು ಕಿವಿಗೊಡಲಿಲ್ಲ. ಅಡ್ಡ ಬಿದ್ದ ತುಂಡಿನ ಆಚೆ, ಎರಡು ಮಾರು ದೂರದಲ್ಲಿ, ಹಂದಿಯ ಕಣ್ಣು ಬೆಳಕಿಗೆ ಹೊಳೆಯಿತು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅದರ ಹಿಂದೆ ಕತ್ತಲೆ. ಅವಳು "ಈಗ" ಎಂದಳು.

ಕಲ್ಲು ಬಿದ್ದ ಸದ್ದು ಬಂತು. ಇನ್ನೊಂದು. ಲತೇಶ್ ಏನೋ ಬೈದ. ಹಂದಿ ಇಕ್ಕಟ್ಟಿನಲ್ಲಿ ಮೈ ತಿರುಚಿ ಒಳಕ್ಕೆ ತಿರುಗಿತು. ಕಿವಿಯ ಬುಡ ಬೆಳಕಿಗೆ ಬಂತು. ರವೂಫ್ ಹೊಡೆದರು.

ಆ ಸದ್ದಿನೊಂದಿಗೆ ಅವಳ ಕಿವಿ ಮುಚ್ಚಿಹೋಯಿತು. ನಂತರ ಆದದ್ದನ್ನು ಅವಳು ನೋಡಿದ್ದು ಮಾತ್ರ, ಕೇಳಲಿಲ್ಲ. ಹಂದಿ ಬೀಳಲಿಲ್ಲ. ಲತೇಶನ ಕಡೆಗೆ ಜಗ್ಗಿತು. ಕೇಬಲ್ ಬಿಗಿಯಾಯಿತು, ಎಳೆ ಬಿಚ್ಚಿಕೊಂಡಿತು, ಕಡಿದುಹೋಯಿತು. ರವೂಫ್ ಇನ್ನೆರಡು ಸಲ ಹೊಡೆದದ್ದು ಎರಡು ಬೆಳಕಾಗಿ ಕಂಡಿತು. ಆಮೇಲೆ ಟಾರ್ಚಿನ ಬೆಳಕಿನಲ್ಲಿ ಹೊಗೆ ಮಾತ್ರ ಇತ್ತು.

ಅವಳು ಕರೆದಳು. ಓಗೊಟ್ಟರೂ ಕೇಳುವಂತಿರಲಿಲ್ಲ. ತುಂಡಿನ ಮೇಲಿಂದ ದಾಟಿ ಹೋದಳು. ಹಂದಿ ಲತೇಶನ ಕಾಲುಗಳ ಮೇಲೆ ಬಿದ್ದಿತ್ತು, ಸತ್ತಿತ್ತು. ಅದರ ತಲೆಯಲ್ಲಿ ಎರಡು ತೂತು. ಮೂರನೆಯದು ಎಲ್ಲಿ? ಗಂಡನ ಎದೆ, ಹೊಟ್ಟೆ, ಕುತ್ತಿಗೆಯ ಮೇಲೆ ಕೈಯಾಡಿಸಿದಳು. ಎಡ ತೋಳಿನಲ್ಲಿ ಬೆರಳು ಒಳಗಿಳಿಯಿತು. ಚಪ್ಪಟೆಯಾದ ಸೀಸ ಮಾಂಸದಲ್ಲಿ ಚರ್ಮದಡಿಯೇ ನಿಂತದ್ದು ಬೆರಳಿಗೆ ಸಿಕ್ಕಿತು. ಕಲ್ಲಿಗೆ ತಾಗಿ ಬಂದಿರಬೇಕು. ಲತೇಶನ ಕಣ್ಣು ಅರೆ ತೆರೆದಿತ್ತು, ತುಟಿ ಅಲುಗುತ್ತಿತ್ತು.

ಹಿಂದೆಯೇ ಬಂದ ರವೂಫ್ ಅದನ್ನು ನೋಡಿದರು. ಅಲ್ಲೇ ನೀರಿನಲ್ಲಿ ಕುಳಿತುಬಿಟ್ಟರು. ಅವಳು ಅವರ ಅಂಗಿ ಹಿಡಿದು ಎಬ್ಬಿಸಿದಳು. ತನ್ನ ದನಿ ತನಗೇ ಕೇಳದ್ದರಿಂದ ಅವಳು ಕೂಗಿಯೇ ಹೇಳಿದ್ದು ಹೊರಗಿನವರಿಗೂ ಕೇಳಿಸಿತು: "ಸೀಸ ಹೇಳಿದ್ದು ನಾನು. ಈಗ ಇವರನ್ನು ಹೊರುವ."

ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ರವೂಫರ ಪಿಕಪ್ಪಿನ ಹಿಂದೆ ಗೋಣಿಗಳ ಮೇಲೆ ಲತೇಶನನ್ನು ಮಲಗಿಸಿದರು. ಅಣ್ಣು ಅವನ ತಲೆ ಹಿಡಿದುಕೊಂಡರು. ರವೂಫ್ ಬಂಟ್ವಾಳದ ಕಡೆ ಓಡಿಸಿದರು. ಶಶಿಪ್ರಭಾಳ ಒಂದು ಕೈ ಅವನ ತೊಡೆಯ ಮೇಲೆ, ಇನ್ನೊಂದು ತೋಳಿನ ಮೇಲಿತ್ತು. ಅವಳ ಕಿವಿ ಸ್ವಲ್ಪ ಸ್ವಲ್ಪವಾಗಿ ತೆರೆಯತೊಡಗಿತು. ತಿರುವು ಬಂದಾಗಲೆಲ್ಲ ರವೂಫ್ ಹಿಂದಿನ ಕಿಟಕಿಯಿಂದ ಒಂದೇ ಮಾತು ಕೇಳುತ್ತಿದ್ದರು.

"ಜೀವ ಉಂಟಾ ಟೀಚರ್?"

ತೊಡೆಯ ಬೈರಾಸಿನಡಿಯಿಂದ ರಕ್ತ ಅವಳ ಅಂಗೈಯನ್ನು ಮೆಲ್ಲಗೆ ತಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಳ್ಳುತ್ತಿತ್ತು. ಇನ್ನೊಮ್ಮೆ ತಳ್ಳುವವರೆಗೆ ಅವಳು ಉತ್ತರ ಕೊಡುತ್ತಿರಲಿಲ್ಲ.

"ಉಂಟು" ಎಂದಳು.