ಮುಂದಲೆಯ ಕೊನೆಯ ಸಾಲು

ಕೆಟಲಿನ ಮುಚ್ಚಳ ಕುಣಿಯುತ್ತಿದೆ, ಯಾರೂ ಇಳಿಸುತ್ತಿಲ್ಲ, ಈಗಲೇ ನೀರು ಕಾಯಿಸಿ ಏನು ಮಾಡುತ್ತಾರೋ, ಬಿಚ್ಚಿಹೋಗದಂತೆ ಜಡೆಯ ತುದಿಗಳನ್ನು ಬಿಸಿನೀರಿಗೆ ಅದ್ದುವ ಹೊತ್ತಿಗೆ ಇನ್ನೂ ಮೂರು ತಾಸು ಇದೆ, ಹಿಂದಲೆಯಲ್ಲಿ ಈಗಷ್ಟೇ ಐದು ಸಾಲು ಮುಗಿದಿದೆ, ಎಡಕ್ಕೆ ಅವಿನೊ, ಬಲಕ್ಕೆ ನಾನು, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನ್ಯಾಕಿಯೊ, ಅವಳ ತಲೆ ನಮ್ಮಿಬ್ಬರ ನಾಲ್ಕು ಕೈಗಳ ನಡುವೆ ಒಮ್ಮೆ ಅತ್ತ ಒಮ್ಮೆ ಇತ್ತ ವಾಲುತ್ತಿದೆ. ಕತ್ತಿನ ಬುಡದಿಂದ ಶುರು, ಅಲ್ಲಿಂದ ಮೇಲಕ್ಕೆ, ನೆತ್ತಿ ದಾಟಿ ಮುಂದಕ್ಕೆ, ಯಾವ ತಲೆಯಾದರೂ ಹೀಗೆಯೇ, ಮುಂದಲೆ ಕೊನೆಗೆ, ಮತ್ತು ಮುಂದಲೆ ಯಾವಾಗಲೂ ನನಗೆ. ಮುಂದಲೆ ಮೊರಾಗೆ ಬಿಡ್ರೇ, ಅವಳ ಕೈ ಸೂಜಿ ಇದ್ದ ಹಾಗೆ, ಎನ್ನುತ್ತಾಳೆ ಈ ಜಡೆ ಅಂಗಡಿಯ ಒಡತಿ ಮಾಮಾ ಟ್ರೆವರ್, ಅಂದರೆ ಟ್ರೆವರನ ಅಮ್ಮ, ಹನ್ನೊಂದು ವರ್ಷದಿಂದ ಬಂದ ಗಿರಾಕಿಗೆಲ್ಲ ಇದನ್ನೇ ಹೇಳುತ್ತಾಳೆ, ಇಡೀ ನೈರೋಬಿಯಲ್ಲಿ ಇಂಥ ಮುಂದಲೆ ಇನ್ನೊಂದು ಕಡೆ ಸಿಕ್ಕಿದರೆ ನನ್ನ ಹೆಸರು ಬದಲಾಯಿಸಿ ಎನ್ನುತ್ತಾಳೆ, ಮೊದಲೆಲ್ಲ ಅದನ್ನು ಕೇಳಿದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಇವತ್ತು ಬೆಳಿಗ್ಗೆ ಕೇಳಿದಾಗ ಬಾಚಣಿಗೆ ಹುಡುಕುವ ನೆವದಲ್ಲಿ ಮುಖ ತಿರುಗಿಸಿದೆ. ಹೇಳಬೇಕು. ಮುಂದಲೆ ತಲುಪುವುದರೊಳಗೆ ಹೇಳಬೇಕು. ಇನ್ನು ಎಂಟು ಸಾಲು, ಸಾಲಿಗೆ ಹದಿನೈದು ಇಪ್ಪತ್ತು ನಿಮಿಷ, ಬೇಕಾದಷ್ಟು ಹೊತ್ತಿದೆ — ಬೇಕಾದಷ್ಟು ಹೊತ್ತಿದೆ ಎಂದು ಎರಡನೆಯ ಸಾಲಿನಲ್ಲೂ ಅಂದುಕೊಂಡಿದ್ದೆ. ಬಾಚಣಿಗೆಯ ಮೊನೆಯಿಂದ ಬೈತಲೆ ತೆಗೆ, ಚೌಕ ಮಾಡು, ಬೆರಳಿಗೆ ಜೆಲ್ ಹಚ್ಚು, ಬುಡ ಹಿಡಿ, ಕೃತಕ ಕೂದಲು ಸೇರಿಸು, ಎಳೆ, ತಿರುವು, ಎಳೆ, ಕೈಗೆ ನಾನು ಬೇಕಿಲ್ಲ, ಕೈ ತನ್ನ ಪಾಡಿಗೆ ತಾನು ಹೋಗುತ್ತದೆ, ಅದೇ ಅಲ್ಲವೇ ತಪ್ಪಾದದ್ದು, ಹನ್ನೊಂದು ವರ್ಷ ಕೈಯನ್ನು ಅದರ ಪಾಡಿಗೆ ಬಿಟ್ಟದ್ದು.

ಬೆಳಿಗ್ಗೆ ನ್ಯಾಕಿಯೊ ತಲೆವಸ್ತ್ರ ಬಿಚ್ಚಿದ್ದು ಗೋಡೆಯ ಕಡೆ ತಿರುಗಿ, ಬಟ್ಟೆ ಬದಲಾಯಿಸುವವರ ಹಾಗೆ, ಬಿಚ್ಚಿ ನನ್ನನ್ನು ಮಾತ್ರ ಹತ್ತಿರ ಕರೆದಳು, ನೋಡಕ್ಕ, ಇನ್ನೂ ಹಿಂದೆ ಹೋಗಿದೆ. ಎರಡೂ ಕಣತಲೆಗಳಲ್ಲಿ ಎರಡೆರಡು ಬೆರಳಗಲ ಬೋಳು, ಬರೀ ಬೋಳಲ್ಲ, ಮಿರುಗುವ ಬೋಳು, ಉಜ್ಜಿಟ್ಟ ಚಮಚದ ಬೆನ್ನಿನ ಹಾಗೆ, ಅದರಾಚೆ ಹಣೆಯಂಚಿಗೆ ಒಂದಷ್ಟು ಎಳೆಗೂದಲು ಉಳಿದಿವೆ, ಎಣಿಸಿದರೆ ಎಣಿಸಬಹುದು, ನಾನು ಎಣಿಸಲಿಲ್ಲ. ಶನಿವಾರ ಅವಳ ಮನೆಗೆ ಗಂಡಿನ ಕಡೆಯವರು ಬರುತ್ತಾರೆ, ಹಿರಿಯರ ಮಾತುಕತೆ ಮುಗಿದ ಮೇಲೆ ಐದಾರು ಹೆಣ್ಣುಮಕ್ಕಳನ್ನು ತಲೆಯಿಂದ ಕಾಲಿನವರೆಗೆ ಬಣ್ಣದ ಲೆಸೊ ಬಟ್ಟೆ ಸುತ್ತಿ ಸಾಲಾಗಿ ನಿಲ್ಲಿಸುತ್ತಾರೆ, ಅದರಲ್ಲಿ ತನ್ನವಳು ಯಾರೆಂದು ಗಂಡು ಗುರುತಿಸಬೇಕು, ಗುರುತಿಸಿ ತಾನೇ ಬಟ್ಟೆ ಎತ್ತಬೇಕು. ತಪ್ಪಾದವಳನ್ನ ಹಿಡಿದ್ರೆ ಗಿಚುಹಿ ಮೇಕೆ ದಂಡ ಕೊಡ್ಬೇಕಲ್ವೇನೇ, ಎಂದು ಅವಿನೊ ಆಗಲೇ ಎರಡು ಸಲ ಕೇಳಿದ್ದಾಳೆ, ಅವಳು ಸರೋವರದ ಕಡೆಯವಳು, ಅಲ್ಲಿ ಈ ಪದ್ಧತಿಯಿಲ್ಲ, ಅವಳಿಗೆ ಇದೆಲ್ಲ ತಮಾಷೆ, ನನ್ನನ್ನೂ ಆ ಸಾಲಲ್ಲಿ ನಿಲ್ಸು, ಒಂದು ಮೇಕೆ ಆದ್ರೂ ಸಿಗ್ಲಿ. ನಿನ್ನ ಸೊಂಟ ನೋಡೇ ಗೊತ್ತಾಗುತ್ತೆ ಬಿಡು, ಎಂದಳು ನ್ಯಾಕಿಯೊ, ಅವನು ನನ್ನ ಪಾದ ನೋಡಿ ಕಂಡುಹಿಡೀತಾನಂತೆ. ಹಾಗಾದ್ರೆ ಪಾದಕ್ಕೂ ನಾಲ್ಕು ಜಡೆ ಹಾಕ್ಬಿಡೋಣ, ಎಂದಳು ಅವಿನೊ, ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಹೆಂಗಸರೆಲ್ಲ ನಕ್ಕರು, ನ್ಯಾಕಿಯೊ ಕೂಡ ನಕ್ಕಳು, ನಗುವಾಗ ಕಣತಲೆಯ ಚರ್ಮ ಅಲುಗಿತು. ಬೆಳಿಗ್ಗೆ ಅವಳು ಗೋಡೆಯ ಕಡೆ ಮುಖ ಮಾಡಿ ಹೇಳಿದ್ದು ಬೇರೆ, ಅವನು ಬಟ್ಟೆ ಎತ್ತಿದ ತಕ್ಷಣ ಕಾಣೋದೇ ಹಣೆ ಅಕ್ಕ, ಎರಡು ವರ್ಷದಲ್ಲಿ ಗಿಚುಹಿ ಒಂದು ದಿನಾನೂ ನನ್ನ ಕಣತಲೆ ನೋಡಿಲ್ಲ, ನೋಡೋಕೆ ನಾನು ಬಿಟ್ಟಿಲ್ಲ, ಅವನ ಅಮ್ಮ ಇರ್ತಾಳೆ, ಅತ್ತೆಯರಿರ್ತಾರೆ, ಮುಚ್ಚು ಅಕ್ಕ, ನಿನ್ನೊಬ್ಬಳ ಕೈಲಿ ಮಾತ್ರ ಆಗೋದು, ಬಿಗಿಯಾಗಿ ಹಾಕು, ಒಂದು ಚೂರೂ ಸಂದು ಕಾಣ್ಬಾರ್ದು. ನಾನು ಹೂಂ ಎಂದೆ. ಯಾಕೆ ಹೂಂ ಎಂದೆ.

ಹುರಿದ ಮಾಂಸದ ಹೊಗೆ ಪಕ್ಕದ ಓಣಿಯಿಂದ ಬರುತ್ತಿದೆ, ಅಂದರೆ ಹನ್ನೆರಡಾಯಿತು, ಏಳು ಸಾಲು, ಗುರುವಾರ, ಸಂಜೆ ಆರಕ್ಕೆ ಕೇಶಾಲಂಕಾರದ ಕ್ಲಾಸು. ಮಂಗಳವಾರ ಗುರುವಾರ ತಾಂತ್ರಿಕ ಶಾಲೆಯ ಹಿಂದಿನ ಕೋಣೆಯಲ್ಲಿ ನಾವು ಹದಿನಾಲ್ಕು ಹೆಂಗಸರು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುತ್ತೇವೆ, ಮೂವತ್ತೆಂಟನೆಯ ವಯಸ್ಸಿನಲ್ಲಿ ಸರ್ಟಿಫಿಕೇಟು ಯಾಕಮ್ಮ ನಿನಗೆ ಎಂದು ಎಲ್ಲರೂ ಕೇಳಿದರು, ನನಗೂ ಗೊತ್ತಿರಲಿಲ್ಲ, ತಿಳಿದವಳಂತೆ ಕೆಲಸ ಮಾಡಿ ಮಾಡಿ ಏನೂ ತಿಳಿದಿಲ್ಲ ಎಂಬ ಹೆದರಿಕೆ, ಅಷ್ಟೇ. ಮೂರು ವಾರದ ಹಿಂದೆ ಒಕುಮು ಮೇಷ್ಟ್ರು ಹಲಗೆಯ ಮೇಲೆ ಒಂದು ಎಳೆ ಈರುಳ್ಳಿ ಬರೆದರು, ಈರುಳ್ಳಿ ಅಲ್ಲ, ಕೂದಲಿನ ಬುಡ, ಇದು ಚರ್ಮ, ಇದು ಬುಡ ಕೂತಿರುವ ಗೂಡು, ಬುಡದ ಸುತ್ತ ಬಿಳಿ ಹೊದಿಕೆ, ಇದನ್ನ ಯಾರಾದ್ರೂ ನೋಡಿದೀರಾ, ನೋಡಿರ್ತೀರಿ, ದಿನಾ ನೋಡಿರ್ತೀರಿ, ಜಾಸ್ತಿ ಎಳೆದಾಗ ಕೂದಲಿನ ಜೊತೆ ಕಿತ್ತು ಬರುತ್ತೆ, ಜೋಳದ ಹಿಟ್ಟಿನ ಕಣದ ಹಾಗೆ. ಆಗ ನಾನು ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟೆ. ನಾನು ಅದನ್ನು ಒಣಗಿದ ಜೆಲ್ ಎಂದುಕೊಂಡಿದ್ದೆ. ಹನ್ನೊಂದು ವರ್ಷ, ಪ್ರತಿ ತಲೆಯ ಮುಂದಲೆ ಮುಗಿಸುವಾಗ ಹೆಬ್ಬೆರಳಿಗೆ ಬಿಳಿ ಕಣ ಅಂಟುತ್ತಿತ್ತು, ಸಣ್ಣ ಎಳೆಯೊಂದರ ತುದಿಯಲ್ಲಿ, ಏಪ್ರನ್ನಿಗೆ ಒರೆಸಿಕೊಂಡು ಮುಂದಿನ ಚೌಕಕ್ಕೆ ಹೋಗುತ್ತಿದ್ದೆ, ಬಲತೊಡೆಯ ಮೇಲೆ ನೀಲಿ ಏಪ್ರನ್ ಮಾಸಿ ಬೆಳ್ಳಗಾಗಿದೆ, ಒರೆಸಿ ಒರೆಸಿ. ಹೀಗೆ ವರ್ಷಗಟ್ಟಲೆ ಎಳೆದ್ರೆ ಗೂಡು ಮುಚ್ಚಿ ಹೋಗುತ್ತೆ, ಎಂದರು ಮೇಷ್ಟ್ರು, ಮೊದಲು ಸಣ್ಣ ಗುಳ್ಳೆ ಬರುತ್ತೆ, ಆಗಲೇ ಬಿಟ್ರೆ ಕೂದಲು ವಾಪಸ್ ಬರುತ್ತೆ, ಚರ್ಮ ಮಿರುಗೋಕೆ ಶುರುವಾದ್ರೆ ಅಲ್ಲಿ ಬಹುಶಃ ಇಲ್ಲ. ಎಷ್ಟು ವರ್ಷಕ್ಕೆ ಸಾರ್ ಎಂದು ಕೇಳಿದೆ. ಒಂದೊಂದು ತಲೆ ಒಂದೊಂದು ಥರ ಮೊರಾ. ಪುಸ್ತಕದಲ್ಲಿ ಅದನ್ನೇ ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ, ಬಹುಶಃ ಎಂಬ ಮಾತಿಗೆ ಎರಡು ಗೆರೆ. ಮುಂದಿನ ಕ್ಲಾಸಿಗೆ ಒಂದು ಮುಂದಲೆ ನೋಡ್ಕೊಂಡು ಬಂದು ಹೇಳಿ ಎಂದಿದ್ದರು, ಆಮೇಲಿನ ಕ್ಲಾಸುಗಳನ್ನೆಲ್ಲ ಹೊಟ್ಟೆನೋವೆಂದು ತಪ್ಪಿಸಿಕೊಂಡೆ.

ಒಂಬತ್ತನೆಯ ಸಾಲು, ಅವಿನೊ ನನಗಿಂತ ಎರಡು ಜಡೆ ಮುಂದಿದ್ದಾಳೆ, ಏನೇ ಮೊರಾ, ಇವತ್ತು ಕೈಗೆ ನಿದ್ದೆ ಬಂದಿದೆಯಾ, ಎನ್ನುತ್ತಾಳೆ. ಅವಳಿಗೆ ಕಲಿಸಿದ್ದೂ ನಾನೇ, ಆರು ವರ್ಷ ಆಯಿತು, ಹೀಗೆ ಹಿಡಿ, ಹೀಗಲ್ಲ, ಇನ್ನೂ ಬುಡಕ್ಕೆ, ಎಳೆಗೂದಲನ್ನೂ ಒಳಗೆ ತಗೋ, ಹೊರಗೆ ಬಿಟ್ರೆ ಗಿರಾಕಿ ಎರಡು ವಾರಕ್ಕೇ ಜಡೆ ಹಳೇದಾಯ್ತು ಅಂತಾರೆ. ನ್ಯಾಕಿಯೊ ಮೊದಲು ಬಂದಾಗ ಹದಿನೇಳು, ಬೋರ್ಡಿಂಗ್ ಶಾಲೆ ಮುಗಿಸಿದ ವಾರ, ಶಾಲೆಯಲ್ಲಿ ಕತ್ತರಿಸಿ ಕತ್ತರಿಸಿ ಬಿಟ್ಟ ಕೂದಲು ಎರಡಿಂಚೂ ಇರಲಿಲ್ಲ, ಬೇರೆ ಮೂರು ಅಂಗಡಿಯಲ್ಲಿ ಇದಕ್ಕೆ ಜಡೆ ನಿಲ್ಲಲ್ಲ ಹೋಗು ಎಂದಿದ್ದರಂತೆ, ನಾನು ಎರಡಿಂಚಿಗೂ ಕಟ್ತೀನಿ ಕೂತ್ಕೋ ಮಗಳೇ ಎಂದೆ, ಎಷ್ಟು ಜಂಬ ನನಗೆ, ಸುತ್ತಲಿನ ಅಂಗಡಿಯವರೆಲ್ಲ ಬಂದು ನೋಡಿದರು. ಕಣ್ಣು ಮೇಲಕ್ಕೆಳೆದುಕೊಂಡು ಹೋಗುವಷ್ಟು ಬಿಗಿ. ನೋಯ್ತಿದೆ ಅಕ್ಕ, ಎಂದಳು. ಎರಡೇ ದಿನ, ಆಮೇಲೆ ಮರ್ತೇ ಹೋಗುತ್ತೆ, ಎಂದೆ. ಎಲ್ಲರಿಗೂ ಹೇಳುವ ಮಾತು ಅದು, ಬಾಯಿ ತಾನಾಗಿ ಹೇಳುತ್ತದೆ, ಮಾಮಾ ಟ್ರೆವರ್ ಕೈಚೀಲದಿಂದ ನೋವಿನ ಮಾತ್ರೆ ತೆಗೆದು ಕೊಟ್ಟಳು, ಹುಡುಗಿ ಚಹಾದ ಜೊತೆ ನುಂಗಿ ಕನ್ನಡಿ ನೋಡಿಕೊಂಡು ಅಳುತ್ತಲೇ ನಕ್ಕಳು. ಆಮೇಲೆ ಆರು ವಾರಕ್ಕೊಮ್ಮೆ, ಒಂಬತ್ತು ವರ್ಷ, ಬೇರೆ ಯಾರ ಕೈಗೂ ತಲೆ ಕೊಟ್ಟವಳಲ್ಲ. ಅವಳ ಹಣೆಯಂಚಿನಲ್ಲಿ ಗುಳ್ಳೆ ಕಂಡಿದ್ದೆ, ಕಂಡಿರಲಿಲ್ಲ ಎಂದು ಹೇಗೆ ಹೇಳಲಿ, ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ನಾನೇ ತೆಗೆದ ಬೈತಲೆಯ ಗುಂಟ, ಸೆಕೆಗೆ ಎಂದೆ, ಇನ್ನೊಂದು ಸಲ ಸೋಪು ಬದಲಾಯ್ಸು ಎಂದೆ. ಸೆಕೆಯೂ ಇರಬಹುದಲ್ಲ. ಅವಳ ಅಮ್ಮನದೂ ದೊಡ್ಡ ಹಣೆ, ಒಮ್ಮೆ ಬಂದಿದ್ದಳು, ವಂಶದಲ್ಲೇ ಇರಬಹುದಲ್ಲ. ತಲೆವಸ್ತ್ರ ಬಿಗಿ ಕಟ್ಟಿದ್ದರಿಂದಲೂ ಇರಬಹುದು, — ತಲೆವಸ್ತ್ರ ಕಟ್ಟಲು ಶುರು ಮಾಡಿದ್ದು ಯಾವಾಗ, ಬೋಳಾದ ಮೇಲೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಒಂದು ಈರುಳ್ಳಿ ಚಿತ್ರ ನೋಡಿಕೊಂಡು ಬಂದು ಮದುವೆಯ ಹುಡುಗಿಗೆ ಬುದ್ಧಿ ಹೇಳುತ್ತಾಳೆ ಎಂದರೆ, ತಪ್ಪಾಗಿ ತಿಳಿದುಕೊಂಡಿದ್ದರೆ, ಬರೆದುಕೊಳ್ಳುವಾಗಲೇ ತಪ್ಪು ಬರೆದಿದ್ದರೆ. ಹತ್ತು. ಮಾಮಾ ಟ್ರೆವರ್ ಎಣ್ಣೆಯಲ್ಲಿ ಕರಿದ ಮಂದಾಸಿ ಬನ್ನು ಹಂಚುತ್ತಿದ್ದಾಳೆ, ನನ್ನದನ್ನು ಸ್ಟೂಲಿನ ಮೇಲಿಟ್ಟಳು, ಎಣ್ಣೆ ಕಾಗದಕ್ಕೆ ಇಳಿಯುತ್ತಿದೆ, ತಿನ್ನಲಾಗುತ್ತಿಲ್ಲ. ಹೊರಗೆ ಪಕ್ಕದ ಅಂಗಡಿಯವಳು ದಾರಿಯಲ್ಲಿ ಹೋಗುವವರ ತೋಳು ಹಿಡಿದು ಕರೆಯುತ್ತಿದ್ದಾಳೆ, ಬಾರೇ ಚೆಲುವೆ, ಬಾ, ನಾಲ್ಕು ಜನ ಸೇರಿ ಎರಡೇ ತಾಸಲ್ಲಿ ಮುಗಿಸ್ತೀವಿ. ಹನ್ನೊಂದು. ನೆತ್ತಿ ದಾಟಿತು.

ಹದಿಮೂರನೆಯ ಸಾಲು ಯಾವಾಗ ಮುಗಿಯಿತೋ, ಅವಿನೊ ತನ್ನ ಕೊನೆಯ ಜಡೆಯನ್ನು ಬೆನ್ನಿಗೆ ಎಸೆದು ಬೆರಳು ನೆಟಿಗೆ ಮುರಿದುಕೊಂಡಳು, ತಗೋ, ನಿನ್ನ ಮುಂದಲೆ, ಎಂದು ಪಕ್ಕಕ್ಕೆ ಸರಿದಳು, ಕಿರುಬೆರಳಿನಿಂದ ಜೆಲ್ ತೆಗೆದೆ, ಬಾಚಣಿಗೆಯ ಮೊನೆಯನ್ನು ಕಣತಲೆಗೆ ಇಟ್ಟೆ, ಅಲ್ಲಿ ಬೈತಲೆ ತೆಗೆಯಲು ಏನಿದೆ, ಮೊನೆ ಜಾರಿತು, ಉಳಿದ ಎಳೆಗೂದಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸೇರಿಸಿದೆ, ಅವಳು ಕಣ್ಣು ಮುಚ್ಚಿಕೊಂಡಳು, ನೋವಿಗೆ ಸಿದ್ಧಳಾದಳು, ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಾಣಿಸಿತು, ಹದಿನೇಳರಲ್ಲೂ ಹೀಗೇ ಕಚ್ಚಿದ್ದಳು. ಬಿಟ್ಟುಬಿಟ್ಟೆ. ಏನಕ್ಕ. ನ್ಯಾಕಿಯೊ, ಇದನ್ನ ನಾನು ಎಳೆಯಲ್ಲ ಕಣೆ, ಎಂದೆ, ಇಷ್ಟನ್ನ ಬಿಟ್ಟು ಹಿಂದಿನಿಂದ ಶುರು ಮಾಡ್ತೀನಿ, ಸಡಿಲವಾಗಿ ಮುಂದಕ್ಕೆ ಇಳಿಬಿಡ್ತೀನಿ, ಉಳಿದಿರೋದಾದ್ರೂ ಉಳೀಲಿ. ಸಂದು ಕಾಣುತ್ತಲ್ಲ ಅಕ್ಕ. ಕಾಣುತ್ತೆ. ಸ್ವಲ್ಪ ಕಾಣುತ್ತೆ. ಮಾಮಾ ಟ್ರೆವರ್ ಕೆಟಲು ಹಿಡಿದುಕೊಂಡೇ ತಿರುಗಿದಳು, ಏ ಮೊರಾ, ಸಂಜೆ ಕ್ಲಾಸನ್ನ ಸಂಜೆಗೆ ಇಟ್ಕೋ, ಹುಡುಗಿ ಮುಂದಲೆ ಮುಗ್ಸು. ನಿಲ್ಲಬಹುದಿತ್ತು, ಅಲ್ಲಿಗೆ ನಿಲ್ಲಬಹುದಿತ್ತು, ನಾನು ನಿಲ್ಲಲಿಲ್ಲ, ಒಮ್ಮೆ ಶುರುವಾದರೆ ನನಗೆ ನಿಲ್ಲುವುದು ಗೊತ್ತಾಗುವುದಿಲ್ಲ, ಇದು ಸೆಕೆಗೂ ಅಲ್ಲ, ಸೋಪಿಗೂ ಅಲ್ಲ, ನಾನೇ ಕಿತ್ತಿದ್ದು, ಎಂದೆ, ಎಳೆದು ಎಳೆದು ನಾನೇ ಕಿತ್ತೆ, ಬುಡ ನನ್ನ ಬೆರಳಿಗೆ ಬರ್ತಿತ್ತು, ಅದು ಬುಡ ಅಂತ ನನಗೆ ಗೊತ್ತಿರ್ಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ತೆರೆಯಿತು. ನೋಡಿದಳು, ತನ್ನನ್ನಲ್ಲ, ನನ್ನನ್ನು. ಬೈಯುತ್ತಾಳೆ ಎಂದುಕೊಂಡೆ, ಎದ್ದು ಹೋಗುತ್ತಾಳೆ, ಅರ್ಧ ತಲೆಯಲ್ಲೇ ಎದ್ದು ಹೋಗುತ್ತಾಳೆ, ಬೈಯಲಿ, ಬೈದರೆ ಒಳ್ಳೆಯದು. ಯಾವಾಗಿಂದ ಗೊತ್ತು ನಿನಗೆ, ಎಂದಳು. ಮೂರು ವಾರ. ಬೆಳಿಗ್ಗೆ ನಾನು ಬಿಚ್ಚಿ ತೋರಿಸ್ದಾಗ ಗೊತ್ತಿತ್ತಲ್ಲ. ಗೊತ್ತಿತ್ತು. ಹದಿಮೂರು ಸಾಲು ಹಾಕಿದೆಯಲ್ಲಕ್ಕ, ಬಾಯಿ ಎಲ್ಲಿತ್ತು. ಬಾಯಿ ಎಲ್ಲಿತ್ತು, — ಬಾಯಿ ಇಲ್ಲೇ ಇತ್ತು, ಸಾಲು ಎಣಿಸುತ್ತಿತ್ತು.

ಅವಳು ಕೈ ಎತ್ತಿ ಕಣತಲೆ ಮುಟ್ಟಿಕೊಂಡಳು, ಬೋಳಾದ ಕಡೆ ಅಲ್ಲ, ಉಳಿದ ಎಳೆಗಳನ್ನು, ಗಾಜಿನ ಚೂರು ಮುಟ್ಟಿದ ಹಾಗೆ. ಆಮೇಲೆ, ಶನಿವಾರಕ್ಕೆ ಎಷ್ಟು ದಿನ ಅಕ್ಕ, ಎಂದಳು. ಎರಡು. ಎರಡೇ ದಿನ, ಆಮೇಲೆ ಮರ್ತೇ ಹೋಗುತ್ತೆ, ಎಂದಳು, ನನ್ನದೇ ದನಿಯಲ್ಲಿ, ನನ್ನ ಹಾಗೆಯೇ ಕೊನೆಯ ಮಾತನ್ನು ಸ್ವಲ್ಪ ಎಳೆದು, ನಗಲಿಲ್ಲ, ಕನ್ನಡಿಯಿಂದ ಕಣ್ಣು ಕಿತ್ತು ಎಡಕ್ಕೆ ತಿರುಗಿದಳು. ಅವಿನೊ, ನೀನು ಹಾಕು. ನಾನಾ? ಅವಳ ಹಾಗೇ ಹಾಕ್ತೀಯಲ್ಲ. ಅವಿನೊ ನನ್ನ ಮುಖ ನೋಡಿದಳು, ಮಾಮಾ ಟ್ರೆವರ್ ಗಲ್ಲ ಎತ್ತಿ ಸನ್ನೆ ಮಾಡಿದಳು, ಹೂಂ, ಹಾಕು, ಹುಡುಗಿ ಕೇಳ್ತಿದಾಳೆ. ಬೇಡ ಅವಿನೊ, ಎಂದೆನೋ ಎನ್ನಲಿಲ್ಲವೋ, ಎಂದಿದ್ದರೂ ಯಾರಿಗೆ ಕೇಳಿಸಿತು, ಮಾಮಾ ಟ್ರೆವರ್ ರೇಡಿಯೊ ಜೋರು ಮಾಡಿದ್ದಳು, ನನ್ನ ಕೈಯಿಂದ ಬಾಚಣಿಗೆ ಹೋಯಿತು, ನಾನು ನಿಂತಿದ್ದ ಜಾಗಕ್ಕೆ ಅವಿನೊ ಬಂದಳು, ನಾನು ಸ್ಟೂಲಿನ ಪಕ್ಕಕ್ಕೆ, ಮಂದಾಸಿ ತಣ್ಣಗಾಗಿದೆ, ಕಾಗದ ಪೂರ್ತಿ ನೆನೆದಿದೆ. ಕಿರುಬೆರಳಿನಿಂದ ಜೆಲ್, ನಾನು ತೆಗೆಯುವ ಹಾಗೆಯೇ. ಬುಡಕ್ಕೆ ಹಿಡಿಯಬೇಕು, ಬುಡಕ್ಕೇ ಹಿಡಿದಳು, ಎಳೆಗೂದಲು ಒಂದೂ ಹೊರಗುಳಿಯದಂತೆ ಸೇರಿಸಿದಳು, ಎಷ್ಟು ಚೆನ್ನಾಗಿ ಕಲಿತಿದ್ದಾಳೆ, ನಾನು ಇಷ್ಟು ಚೆನ್ನಾಗಿ ಯಾವಾಗ ಕಲಿಸಿದೆ, ನ್ಯಾಕಿಯೊಳ ಹುಬ್ಬು ಮೇಲಕ್ಕೆ ಹೋಯಿತು, ದವಡೆ ಕಚ್ಚಿತು, ಕೆಟಲಿನ ಮುಚ್ಚಳ ಮತ್ತೆ ಕುಣಿಯುತ್ತಿದೆ, ತಿರುವು, ಎಳೆ, — ಅವಿನೊಳ ಕೈ ಒಂದು ಕ್ಷಣ ನಿಂತಿತು, ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು, ನೋಡಿದಳು, ಈಗ ಗೊತ್ತಿದೆ ಅವಳಿಗೂ, ಈಗಷ್ಟೇ ಕೇಳಿಸಿಕೊಂಡಿದ್ದಾಳೆ, ಹೆಬ್ಬೆರಳಿನ ಮೇಲೆ ಸಣ್ಣ ಎಳೆ, ಎಳೆಯ ತುದಿಗೆ ಬಿಳಿ ಕಣ, ಜೋಳದ ಹಿಟ್ಟಿನಷ್ಟು, ಬಲತೊಡೆ, ನೀಲಿ ಏಪ್ರನ್, ಅವಳದೂ ಅಲ್ಲೇ ಮಾಸಿದೆ, ನಾನು ಇದನ್ನು ಇವತ್ತಿನವರೆಗೆ ನೋಡಿರಲಿಲ್ಲ, ಅವಳದೂ ಅಲ್ಲೇ, ಅದೇ ಜಾಗದಲ್ಲಿ ಮಾಸಿದೆ, ಅವಿನೊ ಹೆಬ್ಬೆರಳನ್ನು ಅಲ್ಲಿಗೆ ಒರೆಸಿಕೊಂಡಳು